ನಡುವಿನ ಮನೆಯ ತಂಬಿಗೆ

ಬೂದಿ ಬುಧವಾರದ ಮರುದಿನ ನಸುಕಿನಲ್ಲಿ ಗೋಡೆ ಬಡಿದ ಸದ್ದಿಗೆ ಸುವಾರ್ತಾಳಿಗೆ ಎಚ್ಚರವಾಯಿತು. ಠಣ್, ಠಣ್, ಠಣ್. ತಾಮ್ರದ ತಂಬಿಗೆಯ ಬುಡದಿಂದ ಕಲ್ಲಿಗೆ ಬಡಿದ ಸದ್ದು. ಅರೆನಿದ್ದೆಯಲ್ಲೇ ಕೈ ಚಾಚಿ ಅಂಗೈಯಿಂದ ಗೋಡೆಗೆ ಎರಡು ಏಟು ಕೊಟ್ಟಳು. ಎದ್ದೇನಿ ಅನ್ನುವ ಗುರುತು ಅದು. ಕೊಟ್ಟ ಮೇಲೆ ನೆನಪಾಯಿತು: ಗೋಡೆಯ ಆಚೆ ಯಾರೂ ಇಲ್ಲ. ಬಾಳಮ್ಮನಿಗೆ ಮಣ್ಣು ಕೊಟ್ಟದ್ದು ಶ್ರಾವಣದಲ್ಲಿ.

ಅಂಗೈಯನ್ನು ಗೋಡೆಯಿಂದ ತೆಗೆಯುವುದೂ ಆಗದೆ, ಇಟ್ಟುಕೊಳ್ಳುವುದೂ ಆಗದೆ ಕುಳಿತಳು. ಆಗ ತನ್ನ ಏಟಿನ ಮಾರ್ದನಿಯ ಹಾಗೆ, ದೂರದಿಂದ, ದಬ್ ದಬ್ ಎಂದು ಎರಡು ಸದ್ದು ಕೇಳಿತು. ಆಮೇಲೆ ಮಸೂತಿಯ ಮೈಕು ಕೆಮ್ಮಿತು, ಓಣಿಯ ನಾಯಿ ಬೊಗಳಿತು, ಬೆಳಗಾಯಿತು.

ಸಿಂದಗಿಯ ಆ ಓಣಿಯ ತುದಿಯಲ್ಲಿ ಮೂರು ಮನೆಗಳು ಒಂದರ ಹೆಗಲಿಗೊಂದು ಆತು ನಿಂತಿವೆ. ಈ ಕಡೆಯದು ಇಸಾಕನ ಮನೆ. ಸುವಾರ್ತಾ ಅವನ ಹೆಂಡತಿ. ಆ ಕಡೆಯದು ಅಖ್ತರಬೇಗಂ ಅವರದು. ನಡುವಿನದು ಬಾಳಮ್ಮನದು. ಕಲ್ಲು ಮಣ್ಣಿನ ಗೋಡೆಗಳು, ಎರಡು ಮನೆಗೆ ಒಂದೇ ಗೋಡೆ. ಗೋಡೆಗೊಂದು ಕಿಂಡಿ. ಹಿಂದೆ ಆ ಕಿಂಡಿಗಳಲ್ಲಿ ಕೆಂಡ ಹಾದುಹೋಗುತ್ತಿತ್ತು. ಗ್ಯಾಸು ಬಂದ ಮೇಲೆ ಪಲ್ಯದ ಬಟ್ಟಲು, ಜ್ವರದ ಗುಳಿಗೆ, ಊರಿನ ಸುದ್ದಿ. ಈ ತುದಿಯಿಂದ ಆ ತುದಿಗೆ ಏನು ಹೋಗಬೇಕಾದರೂ ಬಾಳಮ್ಮನ ಕೈ ದಾಟಿಯೇ ಹೋಗಬೇಕು. ಹಾಗೆ ದಾಟುವಾಗ ಅದಕ್ಕೆ ಅವಳದೊಂದು ಮಾತೂ ಸೇರಿರುತ್ತಿತ್ತು.

ಬಾಳಮ್ಮ ನಸುಕಿಗೆ ಎದ್ದು, ಮೈತೊಳೆದು, ಹಣೆತುಂಬ ವಿಭೂತಿ ಹಚ್ಚಿ, ಲಿಂಗಪೂಜೆಗೆ ತಂಬಿಗೆ ತುಂಬುವವಳು. ರಮಜಾನ್ ಬಂದರೆ ತುಂಬುವ ಮೊದಲು ಆ ತಂಬಿಗೆಯಿಂದ ಅಖ್ತರಬೇಗಂ ಅವರ ಗೋಡೆ ಬಡಿದು ಉಪವಾಸಕ್ಕೆ ಮೊದಲಿನ ಸಹರಿ ಊಟಕ್ಕೆ ಎಬ್ಬಿಸುವಳು. ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಬಂದರೆ ಸುವಾರ್ತಾಳ ಗೋಡೆ ಬಡಿದು ಪ್ರಾರ್ಥನೆಗೆ ಎಬ್ಬಿಸುವಳು. ಎದ್ದವರು ಅಂಗೈಯಿಂದ ಎರಡು ಏಟು ಮರಳಿ ಕೊಡಬೇಕು. ಕೊಡದಿದ್ದರೆ ಅವಳು ಬಿಡುತ್ತಿರಲಿಲ್ಲ. "ನಿಮ್ಮ ದೇವರಗೋಳನ್ನ ಎಬ್ಬಸಾಕ ನನ್ನ ತಂಬಿಗೀನ ಬೇಕ್ ನೋಡ್ರೆವಾ," ಎಂದು ನಗುವಳು. ಬೂದಿ ಬುಧವಾರ ಸುವಾರ್ತಾ ಯೇಸುವಿನ ಗುಡಿಯಿಂದ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದ ದಿನವಂತೂ ಕಿಂಡಿಯಲ್ಲಿ ಅವಳ ಮುಖ ಕಾಯುತ್ತಿತ್ತು. "ಬಾರವಾ ನಮ್ಮ ಜಂಗಮರಾಕಿ. ನಮ್ದು ದಿನಾ ವಿಭೂತಿ, ನಿಮ್ದು ವರ್ಷಕ್ಕೊಮ್ಮಿ. ಅಷ್ಟ ಪಾಪ ಕಡಿಮಿ ಮಾಡೀರೇನ?"

ಸುವಾರ್ತಾ ಮಾತಿನವಳಲ್ಲ, ಕೇಳುವವಳು. ಅವ್ವನ ಬೀಸುಕಲ್ಲಿನ ಬಳಿ ಕುಳಿತು ಪದ ಕೇಳಿ ಬೆಳೆದವಳು. ಬಾಳಮ್ಮ ರೊಟ್ಟಿ ಬಡಿಯುತ್ತ ಹೇಳುತ್ತಿದ್ದ ಪದಗಳೂ ಅವಳಿಗೆ ಬಾಯಿಗೆ ಬಂದಿದ್ದವು. ಅದರಲ್ಲೂ ಒಂದು:

ನೆರೆಮನೆಯ ಒಲೆಯಾಗ ಉರಿ ಇಲ್ಲ ಅಂದಾರ
ಬರಿಗೈಲೆ ಹೋಗಬ್ಯಾಡವ್ವ | ನನ ತಂಗಿ
ಸೆರಗಿನಲಿ ಕೆಂಡ ಒಯ್ಯವ್ವ ||

ಸೆರಗಿನಲ್ಲಿ ಕೆಂಡ ಒಯ್ದರೆ ಸೆರಗು ಸುಡುವುದಿಲ್ಲವೇ ಎಂದು ಒಮ್ಮೆ ಕೇಳಿದ್ದಳು. "ಸುಡ್ತೈತಿ," ಎಂದಿದ್ದಳು ಬಾಳಮ್ಮ, ರೊಟ್ಟಿ ತಿರುವುತ್ತ. "ಸುಡಲಾರದ್ದ ಒಯ್ಯಾಕ ನೆರಿಮನಿ ಯಾಕ ಬೇಕವಾ?"

ಶ್ರಾವಣದ ಒಂದು ಮಧ್ಯಾಹ್ನ ಬಾಳಮ್ಮ ಅಡುಗೆಮನೆಯಲ್ಲಿ ಬಿದ್ದಳು. ಒಂದು ಕೈ, ಒಂದು ಕಾಲು ಸೆಟೆದಿದ್ದವು. ನಾಲಿಗೆ ದಪ್ಪವಾಗಿತ್ತು. ಸುವಾರ್ತಾ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಾಗ ಒಂದೇ ಮಾತು ಹೊರಟಿತ್ತು: "ಹೊಸ್ತಿಲಾ ದಾಟಸಬ್ಯಾಡ್ರೆವಾ." ಆದರೆ ಮನೆತುಂಬ ಮಂದಿ, ಒಬ್ಬೊಬ್ಬರದು ಒಂದೊಂದು ಮಾತು. ರಜೆಯ ಮೇಲೆ ಬಂದಿದ್ದ ಇಸಾಕ ಓಡಿಹೋಗಿ ಬಾಡಿಗೆ ಗಾಡಿಯ ಸೋಮನಿಂಗನ ಜೀಪು ತಂದ. ಎತ್ತಿ ಹಾಕಿಕೊಂಡು ವಿಜಯಪುರದ ದಾರಿ ಹಿಡಿದರು. ದೇವರ ಹಿಪ್ಪರಗಿ ಮುಟ್ಟುವ ಮೊದಲೇ, ತೊಗರಿ ಹೊಲಗಳ ನಡುವೆ, ಸುವಾರ್ತಾಳ ತೊಡೆಯ ಮೇಲೆ ತಲೆ ಭಾರವಾಯಿತು.

ಹೊರಗೆ ಸತ್ತವರನ್ನು ಹೊಸ್ತಿಲೊಳಗೆ ತರುವ ವಾಡಿಕೆ ಆ ಮನೆತನದಲ್ಲಿ ಇರಲಿಲ್ಲ. ಬಾಳಮ್ಮನನ್ನು ಅವಳದೇ ಬಾಗಿಲ ಮುಂದೆ ಕಟ್ಟೆಯ ಮೇಲೆ ಕೂಡಿಸಿ ಹೂ ಹಾಕಿದರು. ಅಷ್ಟೂ ಮಂದಿಯ ನಡುವೆ ಅಖ್ತರಬೇಗಂ ಸುವಾರ್ತಾಳ ಕಡೆ ತಿರುಗಿ ಅಂದಿದ್ದರು:

"ಹೊಸ್ತಿಲಾ ದಾಟಸಬ್ಯಾಡ ಅಂದ್ಲು. ನೀ ದಾಟಿಸಿದಿ. ಇನ್ನ ಆಕಿ ಎಲ್ಲಿಂದ ಒಳಗ ಬರ್ಬೇಕು?"

ಅಂದಿನಿಂದ ಎರಡು ಮನೆಗಳ ನಡುವೆ ಮಾತು ನಿಂತಿತು. ಅಖ್ತರಬೇಗಂ ತಮ್ಮ ಕಡೆಯ ಕಿಂಡಿಗೆ ಹಲಗೆ ಹೊಡೆಸಿದರು. ಬಾಳಮ್ಮನ ಮಗಳು ದಾನೇಶ್ವರಿ ಮುದ್ದೇಬಿಹಾಳಕ್ಕೆ ಹೋಗುವಾಗ ಹಿಂದಿನ ಮುಂದಿನ ಬಾಗಿಲುಗಳ ಕೀಲಿಗೊಂಚಲನ್ನು ಸುವಾರ್ತಾಳ ಕೈಗೆ ಕೊಟ್ಟಿದ್ದಳು. ಸುವಾರ್ತಾ ಅದನ್ನು ಶಿಲುಬೆಯ ಕೆಳಗಿನ ಮೊಳೆಗೆ ತೂಗುಹಾಕಿದಳು. ಒಂದು ದಿನವೂ ಆ ಮನೆ ತೆರೆಯಲಿಲ್ಲ.

ಈ ಸಲ ತಪಸ್ಸುಕಾಲವೂ ರಮಜಾನೂ ಒಟ್ಟಿಗೇ ಬಂದವು. ಈಗ ಗೋಡೆ ಬಡಿಯುತ್ತಿದೆ.

ಶನಿವಾರ ಇಸಾಕ ಆಲಮಟ್ಟಿಯಿಂದ ಬಂದ. ಕಾಲುವೆಯ ಗೇಟಿನ ಕೆಲಸದವನು; ವಾರವೆಲ್ಲ ನೀರಿನ ಸದ್ದಿನಲ್ಲಿ ಮಲಗುವವನು, ಮನೆಗೆ ಬಂದರೆ ಕಲ್ಲಿನ ಹಾಗೆ ನಿದ್ದೆ. ಭಾನುವಾರ ನಸುಕಿನ ಮೂರು ಏಟು ಅವನಿಗೆ ಕೇಳಲೇ ಇಲ್ಲ.

"ಹೆಗ್ಗಣ ಇರ್ಬೇಕು," ಅಂದ, ಚಹಾ ಊದುತ್ತ.

"ಹೆಗ್ಗಣ ಎಣಿಸಿ ಬಡಿತಾವೇನ್ರಿ?"

"ಬಾಳವ್ವನ ಮನ್ಯಾಗಿನ ಹೆಗ್ಗಣ ಇದ್ರೂ ಇರ್ತಾವ." ನಕ್ಕವನು ಹೆಂಡತಿಯ ಮುಖ ನೋಡಿ ನಗು ಬಿಟ್ಟ. "ಹೆದರಾಕತ್ತೀಯೇನ?"

ಅವಳು ಹೆದರಿದ್ದು ಹೌದು, ಆದರೆ ಅವನು ತಿಳಿದ ಹಾಗಲ್ಲ. ಬಾಳಮ್ಮ ಬಂದಳೆಂಬ ಹೆದರಿಕೆ ಅದಲ್ಲ. ಬಂದವಳು ಏನು ಕೇಳಲು ಬಂದಳು ಎಂಬುದು. ಎಬ್ಬಿಸುವ ಬಡಿತವೋ, ಬಾಗಿಲು ತೆರೆಯಿರಿ ಅನ್ನುವ ಬಡಿತವೋ. ಇಲ್ಲಾ, ಯಾಕೆ ದಾಟಿಸಿದಿ ಅನ್ನುವ ಬಡಿತವೋ. ದಿನವೂ ಬಡಿತ ಕೇಳಿದ ಕೂಡಲೇ ಕೈ ತಾನಾಗಿ ಎದ್ದು ಎರಡು ಏಟು ಕೊಡುತ್ತಿತ್ತು. ಕಿಂಡಿಯಲ್ಲಿ ಮಾತ್ರ ಇಣುಕುತ್ತಿರಲಿಲ್ಲ. ದೂರದಿಂದ ಆ ಎರಡು ಮಾರ್ದನಿ ಬರುತ್ತಿದ್ದವು. ಆಮೇಲೆ ಮೊಣಕಾಲೂರಿ ಕೂತರೂ ಪ್ರಾರ್ಥನೆಯ ಮಾತು ಬರುತ್ತಿರಲಿಲ್ಲ. ಬಾಳಮ್ಮ ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ, ಅದೊಂದೇ.

ಅಂದು ಗುಡಿಯಲ್ಲಿ ಫಾದರ್ ಪ್ರಸಂಗ ಮಾಡುತ್ತ ಅಂದರು: "ಮಾಂಸ ಬಿಟ್ಟೆ, ಚಹಾ ಬಿಟ್ಟೆ ಎಂದು ನನಗೆ ಹೇಳಬೇಡಿ. ಮುನಿಸು ಬಿಟ್ಟಿರಾ? ನೆರೆಯವರನ್ನು ಪ್ರೀತಿಸಲೆಂದೇ ದೇವರು ಈ ಕಾಲ ಕೊಟ್ಟಿದ್ದಾನೆ. ಮೊದಲು ನಿಮ್ಮ ಮನೆಯ ಗೋಡೆಯ ಆಚೆ ನೋಡಿ." ಕರಾವಳಿಯ ಕಡೆಯ ಫಾದರ್, ಪುಸ್ತಕದಂಥ ಕನ್ನಡ. ಹಿಂದೆ ಕೂತ ಹೆಂಗಸೊಬ್ಬಳು "ನಮ್ಮ ಗ್ವಾಡಿ ಆಚಿ ಬರೇ ಎಮ್ಮಿ ಅದಾವ" ಎಂದು ಪಿಸುಗುಟ್ಟಿ ನಾಲ್ಕು ಮಂದಿಯನ್ನು ನಗಿಸಿದಳು. ಸುವಾರ್ತಾ ನಗಲಿಲ್ಲ. ಗೋಡೆಯ ಆಚೆ ಅಂದ ಮಾತು ತನ್ನೊಬ್ಬಳಿಗೇ ಹೇಳಿದಂತೆ ಕೇಳಿಸಿತು.

ಮನೆಯಲ್ಲಿ ಹಿಡಿಗಡಿಗೆ ಇಟ್ಟಿದ್ದಳು. ಅತ್ತೆಯ ಕಾಲದ ರೂಢಿ. ತಪಸ್ಸುಕಾಲದಲ್ಲಿ ದಿನವೂ ಒಂದು ಹಿಡಿ ಜೋಳ ತೆಗೆದು ಗಡಿಗೆಗೆ ಹಾಕುವುದು; ಈಸ್ಟರಿನ ದಿನ ಅದನ್ನು ಬೀಸಿ ರೊಟ್ಟಿ ಮಾಡಿ ನೆರೆಗೆ ಹಂಚುವುದು. ಬಾಳಮ್ಮ ಇದ್ದಾಗ ಕಿಂಡಿಯೊಳಗಿಂದ ಕೈ ಚಾಚಿ ತನ್ನದೂ ಒಂದು ಹಿಡಿ ಹಾಕುತ್ತಿದ್ದಳು. "ಇದು ಬೇಗಂದು" ಎಂದು ಇನ್ನೊಂದು. ಈ ಸಲ ಗಡಿಗೆ ನಿಧಾನವಾಗಿ ತುಂಬುತ್ತಿತ್ತು. ಹಂಚುವುದು ಯಾರಿಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಯುಗಾದಿ ಹತ್ತಿರ ಬಂದಾಗ ದಾನೇಶ್ವರಿಯ ಫೋನು ಬಂತು.

"ಅಕ್ಕಾ, ಹಬ್ಬಾ ಮುಗದ ಮ್ಯಾಲೆ ಸಾಲಿ ಕಲಸೂ ಬಾಯಾರೊಬ್ರು ಬಾಡಿಗಿಗೆ ಬರ್ತಾರಂತ. ಒಂದ ಸಲ ಕಸಾ ಹೊಡದ ಇಡ್ತಿಯೇನ?"

"ಇಡ್ತೇನವಾ."

"ಅವ್ವನ ಸಾಮಾನ ಏನ ಬೇಕಂತಿ ನೀ ತಗೋ. ತಂಬಿಗಿ ಅಷ್ಟ ನನಗಿರಲಿ. ಗ್ವಾಡಿ ಬಡದ ಬಡದ ನೆಗ್ಗೇತಿ, ಖರೆ ಅದನ್ನ ನೋಡಿದ್ರ ಅವ್ವನ ನೋಡಿದಂಗ ಆಕ್ಕೈತಿ."

ಸುವಾರ್ತಾ ಗುರುವಾರ ಇಳಿಹೊತ್ತಿಗೆ ಹೋದಳು. ಮುಂಬಾಗಿಲು ತೆರೆಯುವ ಧೈರ್ಯ ಬರಲಿಲ್ಲ. ಆ ಹೊಸ್ತಿಲನ್ನು ತಾನು ಮತ್ತೆ ದಾಟಬಾರದು ಅನಿಸಿತು. ಹಿತ್ತಲಿನ ಬಾಗಿಲ ಕೀಲಿ ತೆಗೆದು, ಗೊಂಚಲನ್ನು ನಡುವಿಗೆ ಸಿಕ್ಕಿಸಿ, ಚಪ್ಪಲಿ ಹೊರಗೆ ಬಿಟ್ಟು, ಕಸಬರಿಗೆ ಹಿಡಿದು ಒಳಗೆ ಕಾಲಿಟ್ಟಳು. ಬೆಳಕಿಂಡಿಯಿಂದ ಬಿಸಿಲಿನ ಒಂದು ಕೋಲು ಇಳಿದು ಧೂಳಿನಲ್ಲಿ ನಿಂತಿತ್ತು. ಒಲೆಯ ಮುಂದೆ ಬಾಳಮ್ಮ ಬಿದ್ದಿದ್ದ ಜಾಗದಲ್ಲಿ ರೊಟ್ಟಿ ಬಡಿಯುವ ಕೊಣಮಿಗೆ ಬೋರಲಾಗಿತ್ತು. ದೇವರ ಮಾಡದಲ್ಲಿ ತಂಬಿಗೆ ಇತ್ತು.

ಹತ್ತಿರ ಹೋಗಿ ನೋಡಿದಳು. ತಂಬಿಗೆಯ ಮೇಲೆ ಬೆರಳು ಮುಳುಗುವಷ್ಟು ಧೂಳು. ಬಾಯಿಯಿಂದ ಗೋಡೆಯವರೆಗೆ ಜೇಡನ ಬಲೆ, ಒಂದು ಎಳೆಯೂ ಹರಿದಿರಲಿಲ್ಲ. ಶ್ರಾವಣದಿಂದ ಅದನ್ನು ಯಾರೂ ಮುಟ್ಟಿಲ್ಲ. ಹಾಗಾದರೆ ಇಷ್ಟು ದಿನ ಕೇಳಿದ್ದು ಏನು? ಎದೆಯೊಳಗೆ ಏನೋ ಹಗುರಾಯಿತು. ಅದರ ಹಿಂದೆಯೇ ಏನೋ ಬರಿದಾಯಿತು. ಸೆರಗು ಬಿಗಿದು ಕಸ ಹೊಡೆಯತೊಡಗಿದಳು.

ಕಸಬರಿಗೆಯ ನಾಲ್ಕು ಬೀಸು ಆಗಿರಬಹುದು. ಎದುರಿನ ಗೋಡೆಯ ಹಲಗೆಯ ಹಿಂದಿನಿಂದ ದನಿ ಬಂತು.

"ಬಾಳಕ್ಕಾ. ಬಂದ್ಯಾ?"

ಸುವಾರ್ತಾಳ ಕೈ ನಿಂತಿತು.

"ಕಸಾ ಹೊಡ್ಯಾಕತ್ತೀಯೇನ? ಸತ್ತರೂ ನಿನ್ನ ಕೈಗೆ ಆರಾಮಿಲ್ಲ ನೋಡು." ಅಖ್ತರಬೇಗಂ ಅವರ ದನಿ. ಮಗ ಸರ್ಫರಾಜ, ಸೊಸೆ ನಿಷತ ಇಬ್ಬರೂ ಬಸ್ ಸ್ಟ್ಯಾಂಡ್ ಬಳಿಯ ಬಳೆ ಅಂಗಡಿಗೆ ಹೋಗಿರುವ ಹೊತ್ತು. ಮುದುಕಿ ಗೋಡೆಗೆ ಆತು ಕುಳಿತಿರಬೇಕು. ದನಿ ಅಷ್ಟು ಹತ್ತಿರವಿತ್ತು. "ನೀ ಅದಿ ಅಂತ ನನಗ ಗೊತ್ತೈತಿ. ನೀ ಅತ್ತಾಗಿಂದ ಕೈ ಬಡಿತಿ, ನಾ ಇತ್ತಾಗಿಂದ ಬಡಿತೇನಿ. ಸರ್ಫರಾಜಗ ಹೇಳಿದ್ರ, ಅಮ್ಮೀಗಿ ಉಪಾಸ ನೆತ್ತಿಗೇರೇತಿ ಅಂತಾನ. ನಾ ಏನ ನಿನ್ನಿ ಮೊನ್ನಿ ರೋಜಾ ಹಿಡದಾಕಿ ಏನ?"

ಸುವಾರ್ತಾಳಿಗೆ ಎಲ್ಲ ತಿಳಿಯಿತು. ಬಡಿದವರು ಇವರು. ಖಾಲಿ ಮನೆ ಅದನ್ನು ತನ್ನ ಕಡೆ ದಾಟಿಸಿತು. ತಾನು ಕೊಟ್ಟ ಏಟನ್ನು ಮತ್ತೆ ಇವರ ಕಡೆ ದಾಟಿಸಿತು. ಬಾಳಮ್ಮ ಇದ್ದಾಗ ಮಾಡುತ್ತಿದ್ದ ಕೆಲಸವನ್ನೇ ಬಾಳಮ್ಮನಿಲ್ಲದ ಮನೆ ಮಾಡುತ್ತಿದೆ. ಚಾಚಿ, ನಾನು ಸುವಾರ್ತಾ, ಎಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತಲಿನ ದನಿ ಇಳಿಯಿತು.

"ಒಂದ ಮಾತ ಹೇಳೂದೈತಿ, ಬಾಳಕ್ಕ. ಆವತ್ತ ಮಂದ್ಯಾಗ ಆ ಹುಡಗಿಗೆ ಅಂದ್ನೆಲಾ, ನೀನ ಹೊಸ್ತಿಲಾ ದಾಟಿಸಿದಿ ಅಂತ. ಮದಲ ಗಾಡಿ ತರಸ್ರಿ ಅಂದಾಕಿ ನಾನ. ನಿನ್ನ ಕಾಲ ಹಿಡದ ಎತ್ತಿದಾಕಿನೂ ನಾನ. ನೀ ಹಾದ್ಯಾಗ ಹೋದಿ ಅಂತ ಸುದ್ದಿ ಬಂದ ಕೂಡ್ಲೆ ನನಗ ಹೆದರಕಿ ಹತ್ತಿತು. ಆ ಹೆದರಕಿ ಎಲ್ಲಿ ಇಳಸ್ಲಿ? ಎದುರಿಗೆ ಆಕಿ ನಿಂತಿದ್ಲು. ಆಕಿ ತಲಿ ಮ್ಯಾಲೆ ಇಳಿಸಿಬಿಟ್ಟೆ."

ಸುವಾರ್ತಾ ಕಣ್ಣು ಮುಚ್ಚಿದಳು. ಆ ಮಧ್ಯಾಹ್ನದ ಗದ್ದಲದಲ್ಲಿ ಬೆನ್ನ ಹಿಂದಿನಿಂದ ಬಂದ ದನಿಯೊಂದು ಇಷ್ಟು ದಿನಗಳ ಮೇಲೆ ಕಿವಿಗೆ ತಿರುಗಿ ಬಂತು: ಗಾಡಿ ತರಸ್ರಿ, ಲಗೂ. ಕೇಳಿದ್ದಳು. ಕೇಳಿಯೂ ಮರೆತಿದ್ದಳು. ಕೇಳುವುದನ್ನೇ ಬದುಕು ಮಾಡಿಕೊಂಡವಳು.

"ರೋಜಾ ಹಿಡದಾಗ ಉಗುಳ ನುಂಗಾಕೂ ವಿಚಾರ ಮಾಡ್ತೇನಿ," ಅಂದಿತು ದನಿ. "ಆ ಮಾತ ಗಂಟಲದಾಗ ಕುಂತೈತಿ. ನುಂಗಾಕ ಬರವಲ್ದು, ಉಗಳಾಕ ಬರವಲ್ದು. ಆಕಿ ಬಾಗಲಕ್ಕ ಹೋಗಾಕ ನನಗ ಮಾರಿ ಇಲ್ಲ. ನಿನಗ ಹೇಳಿದೆ. ಮಾಫ ಮಾಡಿದ್ದಿ ಅಂದ್ರ ಬಡಿ."

ದಬ್, ದಬ್. ಹಲಗೆಯ ಪಕ್ಕದ ಗೋಡೆಯಿಂದ ಸ್ವಲ್ಪ ಮಣ್ಣು ಉದುರಿತು. ಆಚೆ ಮುದುಕಿ ಜವಾಬಿಗೆ ಕಾಯುತ್ತಿದ್ದರು.

ಸುವಾರ್ತಾ ಗೋಡೆಯ ಬಳಿ ಬಂದಳು. ಅಂಗೈ ಎತ್ತಿದಳು. ಎರಡು ಏಟು ಕೊಟ್ಟರೆ ಸಾಕು, ಮುದುಕಿಯ ಗಂಟಲು ಬಿಚ್ಚುತ್ತದೆ. ಅವರಿಗೆ ಅವರ ಬಾಳಕ್ಕ ಉಳಿಯುತ್ತಾಳೆ. ಕೊಡದಿದ್ದರೆ ಸತ್ತವಳು ಮುಖ ತಿರುಗಿಸಿದಳೆಂದು ಈ ರಮಜಾನಿನಲ್ಲೇ ಎದೆ ಒಡೆದುಕೊಂಡಾರು. ಆದರೆ ಅದು ಬಾಳಮ್ಮನ ಕ್ಷಮೆ. ಅದನ್ನು ಕೊಡಲು ತಾನು ಯಾರು? ತನಗೇ ಇನ್ನೂ ಸಿಕ್ಕಿಲ್ಲದ್ದನ್ನು ಇನ್ನೊಬ್ಬರಿಗೆ ಹೇಗೆ ಹಂಚುವುದು? ತನ್ನ ಬಳಿ ಇರುವುದು ತನ್ನದೊಂದೇ.

ಅಂಗೈ ಕೆಳಗಿಳಿಯಿತು. ಆಚೆ ಮುದುಕಿ ಮೂಗೆಳೆದುಕೊಂಡು ಅಳುವ ಸದ್ದು ಕೇಳುತ್ತಿತ್ತು. ಸುವಾರ್ತಾ ಕಸಬರಿಗೆಯನ್ನು ಅಲ್ಲೇ ಒರಗಿಸಿ, ಸದ್ದಾಗದಂತೆ ಹಿತ್ತಲಿಗೆ ನಡೆದಳು.

ಮನೆಗೆ ಬಂದವಳೇ ಒಲೆ ಹಚ್ಚಿದಳು. ಹಿಡಿಗಡಿಗೆಯ ಜೋಳ ಗಿರಣಿಗೆ ಹೋಗಿ ಬರುವಷ್ಟು ಹೊತ್ತಿರಲಿಲ್ಲ. ಮನೆಯಲ್ಲಿದ್ದ ಹಿಟ್ಟು ಕಲಸಿ ರೊಟ್ಟಿ ಬಡಿದಳು; ಬಾಳಮ್ಮನ ಪದ ತಾನಾಗಿ ಕೈಗೆ ಲಯ ಕೊಟ್ಟಿತು. ಬದನೆಕಾಯಿ ಪಲ್ಯ ಮಧ್ಯಾಹ್ನದ್ದೇ ಇತ್ತು. ಬಿಸಿ ರೊಟ್ಟಿಗಳನ್ನು ಅರಿವೆಯಲ್ಲಿ ಸುತ್ತಿ ಸೆರಗಿನೊಳಗೆ ಇಟ್ಟುಕೊಂಡಾಗ ಬಿಸಿ ತಾಗಿ ಹೊಟ್ಟೆಯ ಚರ್ಮ ಚುರ್ರೆಂದಿತು. ಹೊರಡುವ ಮುನ್ನ ಒಂದು ಕ್ಷಣ ನಿಂತು ಹಿಡಿಗಡಿಗೆಯನ್ನೂ ಎತ್ತಿಕೊಂಡಳು. ಈಸ್ಟರಿಗೆ ಇನ್ನೂ ವಾರಗಳಿದ್ದವು. ಇರಲಿ.

ಅಖ್ತರಬೇಗಂ ಬಾಗಿಲಲ್ಲಿ ನಿಂತು ಅವಳನ್ನು ನೋಡಿದರು. ಕಣ್ಣು ಊದಿದ್ದವು. ಸುವಾರ್ತಾ ಹೊಸ್ತಿಲ ಹೊರಗೆ ನಿಂತಳು.

"ರೊಟ್ಟಿ ತಂದೇನ್ರಿ ಚಾಚಿ. ಉಪಾಸ ಬಿಡಾಕ."

"ಹೊರಗ ಯಾಕ ನಿಂತಿ?"

"ದಾಟ್ಲೇನ್ರಿ?"

"ದಾಟು," ಅಂದರು. "ಬಾ, ಕುಂದ್ರು."

ಮಸೂತಿಯ ಸೈರನ್ ಆಯಿತು. ಖರ್ಜೂರ, ನೀರು, ಆಮೇಲೆ ರೊಟ್ಟಿ. ಅಖ್ತರಬೇಗಂ ಮೊದಲ ತುತ್ತು ನುಂಗುವವರೆಗೆ ಸುವಾರ್ತಾ ಕಾದಳು.

"ಚಾಚಿ, ಇವತ್ತ ನಡುವಿನ ಮನ್ಯಾಗ ಕಸಾ ಹೊಡದಾಕಿ ನಾನ."

ತುತ್ತು ಹಿಡಿದ ಕೈ ತಾಟಿನ ಮೇಲೆ ನಿಂತಿತು. "ಎಲ್ಲಾ ಕೇಳೀಯೇನ?"

"ಕೇಳೇನ್ರಿ."

"ಮತ್ತ ಬಡೀಲಿಲ್ಲ ಯಾಕ?"

"ಬಾಳವ್ವನ ಹೆಸರಿಲೆ ನಾ ಹ್ಯಾಂಗ ಬಡೀಲ್ರಿ? ನನ್ನ ಹೆಸರಿಲೆ ಬಂದೇನಿ."

ಅಖ್ತರಬೇಗಂ ಎಡಗೈಯಿಂದ ಅವಳ ಮೊಣಕಾಲು ಹಿಡಿದುಕೊಂಡರು, ಗಟ್ಟಿಯಾಗಿ, ಬಿದ್ದವರು ಹಿಡಿದ ಹಾಗೆ.

"ದಿನಾ ನಸಕಿನ್ಯಾಗ ಕೈ ಬಡದಾಕಿನೂ ನೀನೇನ?"

"ನಾನರಿ."

"ಯಾ ಅಲ್ಲಾ. ಜೀವಂತ ಇದ್ದಾಕಿನ್ನ ದೆವ್ವಾ ಮಾಡಿ ಮಾತಾಡಸೇನಿ." ಅಳುತ್ತಲೇ ನಕ್ಕರು. "ಬಾಳಕ್ಕ ಇದ್ದಿದ್ರ ವರ್ಷಾನಗಟ್ಲೆ ನಗತಿದ್ಲು. ಇಬ್ರು ಹೆಂಗಸರಿಗೆ ಬಾಯಿ ಕೊಟ್ಟಾನ ದೇವ್ರು, ಗ್ವಾಡಿ ಕೂಡ ಮಾತಾಡ್ಯಾರ ಅಂತಿದ್ಲು."

ಸುವಾರ್ತಾಳಿಗೂ ನಗು ಬಂತು. ಶ್ರಾವಣದಿಂದ ಮೊದಲ ಸಲ ಉಸಿರು ಹೊಟ್ಟೆಯವರೆಗೆ ಇಳಿದಂತೆ ಅನಿಸಿತು. ಹಗುರವಾಗಿ ಅಂದಳು: "ಇನ್ನ ಆ ತಂಬಿಗಿ ಬಡಿಯೂದ ಬಿಡ್ರಿ ಚಾಚಿ. ಕೈ ಬಡದ್ರ ಸಾಕು, ನಾ ಏಳ್ತೇನಿ."

"ಯಾವ ತಂಬಿಗಿ?"

"ನಸಕಿನ್ಯಾಗ ಮದಲ ಬಡಿತೀರೆಲಾ. ಮೂರ ಸಲ."

ಅಖ್ತರಬೇಗಂ ಅವಳನ್ನೇ ನೋಡಿದರು. "ಆ ಸಪ್ಪಳಾ ಕೇಳೇ ನಾ ಏಳೂದು. ಎದ್ದ ಮ್ಯಾಲೆ ಕೈ ಬಡಿತೇನಿ. ತಂಬಿಗಿ ನೀ ಬಡಿತಿ ಅಂತ ಈಗ ತಿಳಕೊಂಡೆ."

"ನಾನೂ ಕೇಳೇ ಏಳೂದ್ರಿ."

ತಾಟಿನಲ್ಲಿ ರೊಟ್ಟಿ ಆರುತ್ತಿತ್ತು. ಸುವಾರ್ತಾ ಧೂಳಿನ ಬಗ್ಗೆ ಹೇಳಿದಳು, ಹರಿಯದ ಜೇಡನ ಬಲೆಯ ಬಗ್ಗೆ ಹೇಳಿದಳು. ಹೊರಗೆ ಓಣಿಯ ದೀಪ ಹತ್ತಿತು. ಇಬ್ಬರ ಕಣ್ಣೂ ಹಲಗೆ ಹೊಡೆದ ಕಿಂಡಿಯ ಕಡೆ ತಿರುಗಿದ್ದವು.

"ಎಲ್ಲಿಂದ ಒಳಗ ಬರ್ಬೇಕು ಅಂತ ಅಂದಿದ್ದೆ," ಅಂದರು ಅಖ್ತರಬೇಗಂ, ಮೆಲ್ಲಗೆ. "ನಾನ ಅಂದದ್ದು. ಆಕಿ ಕೇಳಸ್ಕೊಂಡಾಳ." ಗೋಡೆ ಹಿಡಿದು ಎದ್ದರು. "ಕೀಲಿ ಎಲ್ಲೈತಿ?"

"ನನ್ನ ನಡದಾಗ ಐತ್ರಿ."

ನಿಷತಳ ಚಿಮಣಿ ದೀಪವನ್ನು ಮುದುಕಿ ಹಿಡಿದರು. ಗಡಿಗೆಯನ್ನು ಸುವಾರ್ತಾ ಹಿಡಿದಳು. ನಡುವಿನ ಮನೆಯ ಕಟ್ಟೆಯ ಮೇಲೆ, ಬಾಳಮ್ಮನನ್ನು ಕೂಡಿಸಿದ್ದ ಜಾಗದಲ್ಲಿ, 'ಸ್ವಲ್ಪ ಸರಿ' ಎಂದು ಯಾರಿಗೋ ಹೇಳುವವರಂತೆ ಅಖ್ತರಬೇಗಂ ಸುತ್ತುಹಾಕಿ ನಡೆದರು. ಬೀಗಕ್ಕೆ ತುಕ್ಕು ಹಿಡಿದಿತ್ತು. ಎರಡು ಕೈ ಹಾಕಿ ತಿರುವಿದ ಮೇಲೆ ಬಿಚ್ಚಿತು. ಬಾಗಿಲು ನರಳುತ್ತ ತೆರೆದುಕೊಂಡಿತು. ಒಳಗಿನ ಕತ್ತಲೆ ತಣ್ಣಗೆ ಮುಖಕ್ಕೆ ಬಂತು.

ಸುವಾರ್ತಾ ಸೆರಗಿನ ತುದಿಯಿಂದ ಹೊಸ್ತಿಲು ಒರೆಸಿದಳು. ಗಡಿಗೆಯಿಂದ ಒಂದು ಹಿಡಿ ಜೋಳ ತೆಗೆದು ಅದರ ಮೇಲೆ ಸುರಿದಳು. ಅಖ್ತರಬೇಗಂ ಕೈ ನೀಡಿದರು. ಅವರದೂ ಒಂದು ಹಿಡಿ. ಆಮೇಲೆ ಒಂದು ಕ್ಷಣ ತಡೆದು, ಮತ್ತೊಂದು ಹಿಡಿಯನ್ನು ಇಬ್ಬರೂ ಕೂಡಿ ತೆಗೆದರು. ಅದು ಯಾರದೆಂದು ಇಬ್ಬರೂ ಹೇಳಲಿಲ್ಲ.

"ಬಾ ಬಾಳಕ್ಕ," ಅಂದರು ಅಖ್ತರಬೇಗಂ, ಓಣಿಯ ಕಡೆ ಮುಖ ಮಾಡಿ, ದಿನಾ ಕಿಂಡಿಯಲ್ಲಿ ಕರೆಯುತ್ತಿದ್ದ ದನಿಯಲ್ಲೇ. "ಒಳಗ ಬಾ. ತಪ್ಪಾತು."

ಓಣಿಯಲ್ಲಿ ಯಾರೂ ಇರಲಿಲ್ಲ. ಸುವಾರ್ತಾ ಒಂದು ಬದಿಗೆ ಸರಿದಳು. ಮುದುಕಿ ದೀಪ ಹಿಡಿದುಕೊಂಡೇ ಇನ್ನೊಂದು ಬದಿಗೆ ಸರಿದರು. ನಡುವೆ ಒಬ್ಬರು ದಾಟುವಷ್ಟು ದಾರಿ ಬಿಟ್ಟು, ಅವರು ಹಾಗೇ ನಿಂತರು.